ಕ್ಯಾಂಪಸ್ ವೈ-ಫೈಗೆ ಹೆಸರು ಹೇಳುವ ಮುನ್ನ

ಮನೆಯ ವೈ-ಫೈ ಒಂದು ಪಾಸ್‌ವರ್ಡ್ ಕೇಳಿ ಸುಮ್ಮನಾಗುತ್ತದೆ. ವಿಶ್ವವಿದ್ಯಾಲಯದ ವೈ-ಫೈ ಅಷ್ಟಕ್ಕೇ ಬಿಡುವುದಿಲ್ಲ, ‘ನೀನು ಯಾರು’ ಎಂದೂ ಕೇಳುತ್ತದೆ. ಹಿರಿಯೂರು ತಾಲ್ಲೂಕಿನ ಆದಿವಾಲದಿಂದ ಸ್ನಾತಕೋತ್ತರ ಪದವಿಗೆಂದು ಹೊರಟ ವಿದ್ಯಾರ್ಥಿಗೆ ಈ ಪ್ರಶ್ನೆ ಹೊಸದು. ಅಲ್ಲಿಯವರೆಗೆ ಇಂಟರ್ನೆಟ್ ಎಂದರೆ ಮೊಬೈಲಿನ ಡೇಟಾ. ರಾಜ್ಯದ ವಿಶ್ವವಿದ್ಯಾಲಯಗಳ ಪೋರ್ಟಲ್ ಯುಯುಸಿಎಂಎಸ್‌ನಲ್ಲಿ ಪರೀಕ್ಷಾ ಶುಲ್ಕ ಕಟ್ಟಿದ್ದು, ಸ್ಕಾಲರ್‌ಶಿಪ್ ಅರ್ಜಿ ತುಂಬಿದ್ದು ಎಲ್ಲವೂ ಅಣ್ಣನ ಫೋನಿನ ಹಾಟ್‌ಸ್ಪಾಟಿನಲ್ಲೇ. ಈಗ ಹೊಸ ಕ್ಯಾಂಪಸ್ಸು, ಕೈಯಲ್ಲಿ ಲ್ಯಾಪ್‌ಟಾಪು. ವೈ-ಫೈ ಪಟ್ಟಿಯಲ್ಲಿ ವಿಶ್ವವಿದ್ಯಾಲಯದ ಹೆಸರು ಕಾಣುತ್ತಿದೆ, ಸಿಗ್ನಲ್ ಗೆರೆಗಳೆಲ್ಲ ತುಂಬಿವೆ. ಆದರೂ ಸಂಪರ್ಕ ಸಿಗುತ್ತಿಲ್ಲ.

‘ಇಲ್ಲಿ ನೆಟ್‌ವರ್ಕ್ ಸರಿ ಇಲ್ಲ’ ಎಂದು ಬೇಸತ್ತು ಮತ್ತೆ ಹಾಟ್‌ಸ್ಪಾಟಿಗೆ ಹೋಗಿಬಿಡುವುದು ಈ ಹಂತದಲ್ಲೇ. ಆದರೆ ರೇಡಿಯೊ ಅಲೆಗಳು ತಮ್ಮ ಪಾಲಿನ ಕೆಲಸ ಆಗಲೇ ಮುಗಿಸಿರುತ್ತವೆ. ಅಡ್ಡಬಂದಿರುವುದು ಗುರುತಿನ ವಿಚಾರ. ಈ ಗುರುತು ಹೇಳುವ ವ್ಯವಹಾರ ಎರಡು ಕಡೆಯದು: ಜಾಲ ನಮ್ಮನ್ನು ಕೇಳಬೇಕು, ನಮ್ಮ ಲ್ಯಾಪ್‌ಟಾಪೂ ಜಾಲವನ್ನು ಕೇಳಬೇಕು. ಮೊದಲ ಅರ್ಧವನ್ನು ಎಲ್ಲ ಕಡೆ ಹೇಳಿಕೊಡುತ್ತಾರೆ. ಎರಡನೆಯದನ್ನು ಹೇಳಿಕೊಡುವವರು ಅಪರೂಪ. ಎಷ್ಟೋ ಕಡೆ ‘ಅದನ್ನು ಕೇಳಬೇಡ, ಮುಂದೆ ಹೋಗು’ ಎಂದು ಹೇಳುವುದೂ ಉಂಟು.

ಫೋನಿನಲ್ಲಿ ದಿನಕ್ಕೆ ಒಂದೂವರೆ, ಎರಡು ಜಿಬಿ ಡೇಟಾ ಇರುವಾಗ ಕ್ಯಾಂಪಸ್ ವೈ-ಫೈ ಯಾಕೆ ಬೇಕು ಎಂದು ಕೇಳುವವರಿದ್ದಾರೆ. ವಾಟ್ಸ್‌ಆ್ಯಪ್‌ಗೆ, ಯೂಟ್ಯೂಬ್‌ಗೆ ಬೇಕಿಲ್ಲ, ನಿಜ. ಆದರೆ ಹಿರಿಯೂರಿನ ತೋಟಗಾರಿಕೆ ಕಾಲೇಜಿನ ವಿದ್ಯಾರ್ಥಿಯೊಬ್ಬರು ಹೊಸದುರ್ಗದ ಕಡೆಯ ದಾಳಿಂಬೆ ತೋಟಗಳನ್ನು ಕಾಡುವ ದುಂಡಾಣು ಅಂಗಮಾರಿ ರೋಗದ ಬಗ್ಗೆ ಓದಲು ಹೊರಟರು ಎನ್ನಿ. ಒಳ್ಳೆಯ ಪ್ರಬಂಧಗಳು ವಿದೇಶಿ ಪ್ರಕಾಶಕರ ಜರ್ನಲ್‌ಗಳಲ್ಲಿವೆ. ಮೊಬೈಲ್ ಡೇಟಾದಲ್ಲಿ ತೆರೆದರೆ ಸಾರಾಂಶ ಮಾತ್ರ ಕಾಣುತ್ತದೆ, ಪೂರ್ತಿ ಪ್ರಬಂಧಕ್ಕೆ ಡಾಲರ್‌ನಲ್ಲಿ ಬೆಲೆ ಕೇಳುತ್ತದೆ. ಕೇಂದ್ರ ಸರ್ಕಾರದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ 2025ರ ಜನವರಿಯಿಂದ ಜಾರಿಗೆ ಬಂದಿದೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, ಮೂವತ್ತು ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು. ಇವುಗಳ ಲಾಭ ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಉನ್ನತ ಶಿಕ್ಷಣ ಸಂಸ್ಥೆಗಳಿಗೆ. ಓದಲು ಬಂದವರು ಯಾರೆಂದು ತಿಳಿಯಲು ಪ್ರಕಾಶಕರು ಸಾಮಾನ್ಯವಾಗಿ ನೋಡುವುದು ಐಪಿ ವಿಳಾಸವನ್ನು, ಅಂದರೆ ಕೋರಿಕೆ ಯಾವ ಸಂಸ್ಥೆಯ ಜಾಲದಿಂದ ಬಂತು ಎಂಬುದನ್ನು. ಕ್ಯಾಂಪಸ್ಸಿನ ಜಾಲದಲ್ಲಿ ಕುಳಿತರೆ ಬಾಗಿಲು ತಾನಾಗಿ ತೆರೆಯುತ್ತದೆ. ಹೊರಗಿನಿಂದ ಓದಲು ವಿಶ್ವವಿದ್ಯಾಲಯ ಗ್ರಂಥಾಲಯಗಳ ಜಾಲವಾದ ಇನ್‌ಫ್ಲಿಬ್‌ನೆಟ್‌ನ ಇನ್‌ಫೆಡ್ ಎಂಬ ದಾರಿ ಇದೆ, ಅದಕ್ಕೂ ಸಂಸ್ಥೆಯೇ ಖಾತೆ ಕೊಡಬೇಕು. ಕ್ಯಾಂಪಸ್ ವೈ-ಫೈ ಹಿಡಿಯಲಾಗದೆ ಕೈಬಿಟ್ಟವರು ತಮ್ಮ ಹೆಸರಿನಲ್ಲಿ ಸರ್ಕಾರ ಕಟ್ಟಿದ ಚಂದಾವನ್ನೂ ಕೈಬಿಟ್ಟ ಹಾಗೆಯೇ.

ಚಿತ್ರದುರ್ಗ ಜಿಲ್ಲೆಯಲ್ಲಿ ಇಂಥ ಕ್ಯಾಂಪಸ್‌ಗಳಿಗೆ ಈಗ ಬರವಿಲ್ಲ. ಜಿಲ್ಲಾ ಕೇಂದ್ರದ ಹತ್ತಿರ ಜಿ.ಆರ್. ಹಳ್ಳಿಯಲ್ಲಿ ದಾವಣಗೆರೆ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ‘ಜ್ಞಾನಗಂಗೋತ್ರಿ’ ಇದೆ. ಹಿರಿಯೂರಿನ ತೋಟಗಾರಿಕೆ ಕಾಲೇಜು ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಕ್ಯಾಂಪಸ್ ಸುಮಾರು 1,500 ಎಕರೆಯಲ್ಲಿ ಹರಡಿದೆ. ಈಗ ಅಲ್ಲಿಗೆ ರಾಜ್ಯದ ಶಾಲಾ-ಕಾಲೇಜುಗಳ ವಿಜ್ಞಾನ ಶಿಕ್ಷಕರು ತರಬೇತಿಗೆ ಹೋಗಿ ಬರುತ್ತಾರೆ. ಹೋದ ಮೊದಲ ಸಂಜೆ ಅವರಿಗೂ ಎದುರಾಗುವುದು ಇದೇ ಪ್ರಶ್ನೆ: ವೈ-ಫೈಗೆ ಏನು ಹಾಕಬೇಕು?

ಉತ್ತರ ಒಂದೇ ಅಲ್ಲ. ಕೆಲವು ಕಡೆ ಮನೆಯಲ್ಲಿದ್ದಂತೆ ಎಲ್ಲರಿಗೂ ಒಂದೇ ಪಾಸ್‌ವರ್ಡ್. ಗೋಡೆಗೆ ಅಂಟಿಸಿರುತ್ತಾರೆ, ಒಂದು ಸೆಮಿಸ್ಟರ್‌ನಲ್ಲಿ ಪಕ್ಕದ ಝೆರಾಕ್ಸ್ ಅಂಗಡಿಗೂ ಗೊತ್ತಾಗಿರುತ್ತದೆ. ಇದರ ಬಗ್ಗೆ ಹೇಳಲು ಹೆಚ್ಚೇನಿಲ್ಲ.

ನಮ್ಮ ಕಾಲೇಜುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಲಾಗಿನ್ ಪುಟ. ವೈ-ಫೈ ಸುಲಭವಾಗಿ ಸಿಗುತ್ತದೆ, ಆದರೆ ಬ್ರೌಸರ್‌ನಲ್ಲಿ ಒಂದು ಪುಟ ಬಂದು ರಿಜಿಸ್ಟರ್ ನಂಬರೋ ಖಾತೆಯ ಹೆಸರೋ ಕೇಳುವವರೆಗೆ ಇಂಟರ್ನೆಟ್ ಹರಿಯುವುದಿಲ್ಲ. ‘ಸೈಬರೋಮ್ ಪೇಜ್ ಬಂತಾ?’ ಎಂದು ಹಾಸ್ಟೆಲ್‌ಗಳಲ್ಲಿ ಕೇಳುತ್ತಿದ್ದ ಕಾಲವೊಂದಿತ್ತು. ಸೈಬರೋಮ್ ಅಹಮದಾಬಾದಿನ ಕಂಪನಿ, 2014ರಲ್ಲಿ ಬ್ರಿಟನ್ನಿನ ಸೋಫೋಸ್ ಅದನ್ನು ಕೊಂಡುಕೊಂಡಿತು.

ಈ ಪುಟ ಬಾರದೇ ಇರುವುದೇ ಲಾಗಿನ್ ಪದ್ಧತಿಯ ದೊಡ್ಡ ರಗಳೆ. ನೀವು ಗೂಗಲ್ ತೆರೆಯಲು ಹೋಗುತ್ತೀರಿ. ಜಾಲದ ಫೈರ್‌ವಾಲ್ ಆ ಕೋರಿಕೆಯನ್ನು ನಡುವೆ ಹಿಡಿದು ತನ್ನ ಪುಟ ತೋರಿಸಬೇಕು. ಹಿಂದೆ ಜಾಲತಾಣಗಳು ಗೂಢಲಿಪಿ ಇಲ್ಲದ ಎಚ್‌ಟಿಟಿಪಿಯಲ್ಲಿ ಇದ್ದಾಗ ಇದು ಸಲೀಸಾಗಿತ್ತು. ಈಗ ಬಹುತೇಕ ಎಲ್ಲವೂ ಎಚ್‌ಟಿಟಿಪಿಎಸ್. ನಡುವೆ ಯಾರೋ ಕೈಹಾಕಿದರೆ ಬ್ರೌಸರ್ ‘ಈ ಸಂಪರ್ಕ ಸುರಕ್ಷಿತವಲ್ಲ’ ಎಂದು ಕೆಂಪು ಬಣ್ಣದಲ್ಲಿ ಕೂಗುತ್ತದೆ. ಅದು ಕೂಗುವುದು ಸರಿಯೇ, ಏಕೆಂದರೆ ಕೈಹಾಕಿದ್ದು ಕಾಲೇಜೋ ಕಳ್ಳನೋ ಅದಕ್ಕೆ ತಿಳಿಯದು. ಅದಕ್ಕೇ ವಿಂಡೋಸ್, ಆಂಡ್ರಾಯ್ಡ್, ಆ್ಯಪಲ್ ಮೂರೂ ವೈ-ಫೈ ಸಿಕ್ಕ ಕೂಡಲೇ ತಮ್ಮದೇ ಒಂದು ಗೂಢಲಿಪಿ ಇಲ್ಲದ ವಿಳಾಸವನ್ನು ಸದ್ದಿಲ್ಲದೆ ತೆರೆದು ನೋಡುತ್ತವೆ. ನಿರೀಕ್ಷಿಸಿದ ಉತ್ತರ ಬಾರದಿದ್ದರೆ ‘ಸೈನ್ ಇನ್ ಮಾಡಿ’ ಎಂಬ ಸೂಚನೆ ತೋರಿಸುತ್ತವೆ. ಆ ಸೂಚನೆ ತಪ್ಪಿಹೋದರೆ ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಮ್ ಎಂದು ಟೈಪ್ ಮಾಡಿ. ಆ ತಾಣ ಹುಟ್ಟಿದ್ದೇ ಫೈರ್‌ವಾಲ್‌ನ ಕೈಗೆ ಸುಲಭವಾಗಿ ಸಿಕ್ಕಿಬೀಳಲಿಕ್ಕೆ. ಅದೂ ಆಗದಿದ್ದರೆ ವಿಪಿಎನ್, ಫೋನಿನ ‘ಪ್ರೈವೇಟ್ ಡಿಎನ್‌ಎಸ್’ ಇವನ್ನು ಆ ಹೊತ್ತಿಗೆ ಆರಿಸಿ ನೋಡಬೇಕು.

ಮತ್ತೊಂದು ತೊಡಕು ಇತ್ತೀಚಿನದು. ಸಾಧನದ ಮ್ಯಾಕ್ ವಿಳಾಸವನ್ನು, ಅಂದರೆ ಅದರ ಯಂತ್ರಾಂಶದ ಗುರುತು ಸಂಖ್ಯೆಯನ್ನು, ಒಮ್ಮೆ ನೋಂದಾಯಿಸಿಕೊಂಡು ಮತ್ತೆ ಮತ್ತೆ ಕೇಳದೆ ಒಳಬಿಡುವ ಪದ್ಧತಿ ಕೆಲವು ಕ್ಯಾಂಪಸ್‌ಗಳಲ್ಲಿದೆ. ಆದರೆ ಜನರ ಓಡಾಟವನ್ನು ಯಾರೂ ಹಿಂಬಾಲಿಸಬಾರದೆಂದು ಆಂಡ್ರಾಯ್ಡ್ 10, ಐಒಎಸ್ 14ರಿಂದ ಈಚೆಗೆ ಫೋನುಗಳು ನಿಜವಾದ ಮ್ಯಾಕ್ ವಿಳಾಸ ಮುಚ್ಚಿಟ್ಟು ಬದಲಿ ವಿಳಾಸ ತೋರಿಸುತ್ತವೆ. ವಿಂಡೋಸ್‌ನಲ್ಲೂ ‘ರ್‍ಯಾಂಡಮ್ ಹಾರ್ಡ್‌ವೇರ್ ಅಡ್ರೆಸ್’ ಎಂಬ ಗುಂಡಿ ಇದೆ. ನೋಂದಾಯಿಸಿದ ಯಂತ್ರವೇ ಅಪರಿಚಿತನಾಗಿ ಹೊರಗೆ ನಿಂತಿದ್ದರೆ ಮೊದಲು ಆ ಗುಂಡಿ ನೋಡುವುದು ಒಳ್ಳೆಯದು.

ಇಷ್ಟೆಲ್ಲ ಪಂಚಾಯಿತಿ ಯಾಕೆ, ವೈ-ಫೈ ಸುಮ್ಮನೆ ತೆರೆದಿಟ್ಟರೆ ಆಗದೆ? ನಮ್ಮ ದೇಶದಲ್ಲಿ ಆಗದು ಎನ್ನಲು ಒಂದು ಹಿನ್ನೆಲೆ ಇದೆ. 2008ರಲ್ಲಿ ಅಹಮದಾಬಾದ್, ದೆಹಲಿ ಸ್ಫೋಟಗಳ ಆಸುಪಾಸಿನಲ್ಲಿ ಉಗ್ರರ ಇ-ಮೇಲ್‌ಗಳು ಹೊರಟದ್ದು ಬೇರೆಯವರ ವೈ-ಫೈಗಳಿಂದ. ಒಂದು ನವಿ ಮುಂಬೈನ ಮನೆಯದು, ಇನ್ನೊಂದು ಚೆಂಬೂರಿನ ಕಂಪನಿಯದು, ನಡುವಿನದೊಂದು ಮುಂಬೈನ ಮಾಟುಂಗಾದ ಕಾಲೇಜಿನದು. ಪೊಲೀಸರು ಐಪಿ ವಿಳಾಸದ ಜಾಡು ಹಿಡಿದು ಹೋದರೆ ಏನೂ ಅರಿಯದವರ ಬಾಗಿಲು ಸಿಗುತ್ತಿತ್ತು. 2009ರ ಫೆಬ್ರುವರಿಯಲ್ಲಿ ದೂರಸಂಪರ್ಕ ಇಲಾಖೆ ವೈ-ಫೈ ಬಳಸುವವರ ಗುರುತು ಖಚಿತಪಡಿಸಿಕೊಳ್ಳಬೇಕೆಂದು ಸೂಚನೆ ಕೊಟ್ಟಿತು. 2022ರ ಏಪ್ರಿಲ್‌ನ ಸರ್ಟ್-ಇನ್ (ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ) ನಿರ್ದೇಶನ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಿ ಎನ್ನುತ್ತದೆ. ಹಾಗಾಗಿ ನಿಮ್ಮ ಖಾತೆಯ ಪಾಸ್‌ವರ್ಡನ್ನು ರೂಮ್‌ಮೇಟ್‌ಗೆ ಕೊಟ್ಟರೆ, ಅವನು ಮಾಡಿದ್ದೆಲ್ಲ ಆರು ತಿಂಗಳು ನಿಮ್ಮ ಹೆಸರಿನ ಮುಂದೆ ಬರೆದಿರುತ್ತದೆ.

ಗುರುತು ಒಪ್ಪಿತವಾದ ಮೇಲೂ ಜಾಲ ನಿಧಾನವಾಗುವುದುಂಟು. ಅದು ಯಾಕೆಂದು ತಿಳಿಯಲು ನಿಸ್ತಂತು ಜಾಲದ ಮೂಲಕ್ಕೆ ಹೋಗಬೇಕು, ಆ ಮೂಲವೂ ಒಂದು ವಿಶ್ವವಿದ್ಯಾಲಯವೇ. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್‌ಸನ್ ಮತ್ತು ಸಂಗಡಿಗರು ದ್ವೀಪಗಳ ನಡುವೆ ತಂತಿ ಎಳೆಯುವ ಗೋಜಿಗೆ ಹೋಗದೆ ರೇಡಿಯೊದಲ್ಲೇ ಕಂಪ್ಯೂಟರ್ ಜಾಲ ಕಟ್ಟಿದರು. ಅದರ ಹೆಸರು ಅಲೋಹಾನೆಟ್. ಯಾರಿಗೆ ಬೇಕೋ ಅವರು ಬೇಕೆನಿಸಿದಾಗ ಮಾತಾಡಬಹುದು. ಇಬ್ಬರ ಮಾತು ಡಿಕ್ಕಿ ಹೊಡೆದರೆ ಇಬ್ಬರೂ ಮನಬಂದಷ್ಟು ಹೊತ್ತು ಕಾದು ಮತ್ತೆ ಹೇಳಬೇಕು. ಈ ಕಾಯುವ ಉಪಾಯ ಒಂದಿಷ್ಟು ತಿದ್ದುಪಡಿಯಾಗಿ ಇಂದಿನ ವೈ-ಫೈಯಲ್ಲೂ ಉಳಿದಿದೆ. ಪರೀಕ್ಷೆಯ ಮುಂಚಿನ ವಾರ ಗ್ರಂಥಾಲಯದಲ್ಲಿ ಸಿಗ್ನಲ್ ತುಂಬಿದ್ದೂ ಪುಟ ತೆವಳುವುದಕ್ಕೆ ಒಂದು ಕಾರಣ ಇದೇ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನಲ್‌ಗಳು ಮೂರೇ ಮೂರು, ಅದರಲ್ಲೇ ನೂರಾರು ಸಾಧನಗಳು ಕಾಯುತ್ತಿರುತ್ತವೆ. ಪ್ರತಿಯೊಬ್ಬರೂ ತಮ್ಮ ಫೋನಿನ ಹಾಟ್‌ಸ್ಪಾಟ್ ಹಚ್ಚಿಟ್ಟರೆ ಗದ್ದಲ ಇನ್ನಷ್ಟು. ಲ್ಯಾಪ್‌ಟಾಪಿನಲ್ಲಿ 5 ಗಿಗಾಹರ್ಟ್ಸ್ ಸೌಲಭ್ಯ ಇದ್ದರೆ ಅದನ್ನೇ ಆರಿಸಿಕೊಳ್ಳಿ.

ಎಲ್ಲರಿಗೂ ಒಂದೇ ಪಾಸ್‌ವರ್ಡ್, ಲಾಗಿನ್ ಪುಟ ಆದವು, ಈಗ ಮೂರನೆಯ ಬಗೆ. ಹೆಸರು ಗಡಸು: ಡಬ್ಲ್ಯುಪಿಎ2-ಎಂಟರ್‌ಪ್ರೈಸ್. ಇಲ್ಲಿ ಬ್ರೌಸರ್ ಪುಟದ ಮಾತಿಲ್ಲ, ವೈ-ಫೈ ಸಂಪರ್ಕದ ಬಾಗಿಲಲ್ಲೇ ಹೆಸರು, ಪಾಸ್‌ವರ್ಡ್ ಕೇಳಲಾಗುತ್ತದೆ. ಪ್ರತಿಯೊಬ್ಬರಿಗೂ ಬೇರೆ ಬೇರೆ ಗೂಢಲಿಪಿ ಕೀಲಿ ಸಿಗುವುದರಿಂದ ಪಕ್ಕದ ಕುರ್ಚಿಯವರು ನಿಮ್ಮ ಸಂಚಾರವನ್ನು ಕದ್ದು ನೋಡುವಂತಿಲ್ಲ. ಚಾವಣಿಗೆ ಅಂಟಿಕೊಂಡ ಬಿಳಿ ಆಕ್ಸೆಸ್ ಪಾಯಿಂಟ್‌ಗೆ ನಿಮ್ಮ ಪಾಸ್‌ವರ್ಡ್ ಗೊತ್ತಿರುವುದಿಲ್ಲ. ಅದು ನಿಮ್ಮ ಮಾತನ್ನು ಹಿಂದಿರುವ ರೇಡಿಯಸ್ ಸರ್ವರ್‌ಗೆ ದಾಟಿಸಿ, ಸರ್ವರ್ ‘ಬಿಡು’ ಎಂದರೆ ಬಿಡುತ್ತದೆ, ‘ಬೇಡ’ ಎಂದರೆ ತಡೆಯುತ್ತದೆ. ರೇಡಿಯಸ್ ಹುಟ್ಟಿದ್ದು 1991ರಲ್ಲಿ, ಫೋನ್ ತಂತಿಯ ಮೋಡೆಮ್‌ನಿಂದ ‘ಕ್ರೀಂಯ್’ ಎಂದು ಡಯಲ್ ಮಾಡುತ್ತಿದ್ದವರ ಗುರುತು ನೋಡಲು. ಡಯಲ್ ಮಾಡುವುದು ನಿಂತು ಎಷ್ಟೋ ಕಾಲವಾಯಿತು, ಬಾಗಿಲು ಕಾಯುವವನು ಬದಲಾಗಿಲ್ಲ.

ಇದೇ ಏರ್ಪಾಟನ್ನು ಊರೂರಿಗೆ ಹಿಗ್ಗಿಸಿದ್ದು ಎಜುರೋಮ್. 2002ರಲ್ಲಿ ನೆದರ್ಲೆಂಡ್ಸ್‌ನ ಸರ್ಫ್‌ನೆಟ್ ಸಂಸ್ಥೆಯ ಕ್ಲಾಸ್ ವೀರೆಂಗಾ ಮುಂದಿಟ್ಟ ಯೋಚನೆ ಇಂದು ನೂರಕ್ಕೂ ಹೆಚ್ಚು ದೇಶಗಳಲ್ಲಿದೆ. ಒಂದು ವಿಶ್ವವಿದ್ಯಾಲಯದ ಖಾತೆ ಇದ್ದರೆ ಬೇರೆ ವಿಶ್ವವಿದ್ಯಾಲಯದ ಅಂಗಳದಲ್ಲೂ ಅದೇ ಖಾತೆಯಿಂದ ವೈ-ಫೈ. ಭಾರತದಲ್ಲಿ ಇದರ ಹೊಣೆ ಅರ್ನೆಟ್ ಇಂಡಿಯಾದ್ದು. 1986ರಲ್ಲಿ ದೇಶದ ಎಂಟು ಸಂಸ್ಥೆಗಳನ್ನು ಸೇರಿಸಿ ಶುರುವಾದ ಅರ್ನೆಟ್ ಜಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದಾಗಿತ್ತು.

ಎಜುರೋಮ್ ನಡೆಯುವ ಬಗೆ ನಮ್ಮ ಕಡೆ ಗಂಡಿನ ಬಗ್ಗೆ ವಿಚಾರಿಸುವ ಹಾಗೆ. ಹೊಳಲ್ಕೆರೆಯ ಹೆಣ್ಣಿನ ಮನೆಯವರಿಗೆ ಆದಿವಾಲದ ಹುಡುಗನ ಪರಿಚಯ ಇರುವುದಿಲ್ಲ. ಅವರು ಚಿತ್ರದುರ್ಗದ ನೆಂಟರನ್ನು ಕೇಳುತ್ತಾರೆ, ಆ ನೆಂಟರು ಹಿರಿಯೂರಿನ ಬೀಗರನ್ನು, ಬೀಗರು ಆದಿವಾಲದ ದೊಡ್ಡವರನ್ನು. ಉತ್ತರ ಬಂದ ದಾರಿಯಲ್ಲೇ ವಾಪಸ್ಸಾಗುತ್ತದೆ. ಹಾಗೆಯೇ ನೀವು ಕೊಟ್ಟ ಖಾತೆಯ ಹೆಸರಿನಲ್ಲಿ ‘ಅಟ್’ ಚಿಹ್ನೆಯ ನಂತರ ಇರುವ ಭಾಗ ನೋಡಿ, ಹೋದಲ್ಲಿನ ಸರ್ವರ್ ದೇಶದ ಸರ್ವರ್ ಅನ್ನು ಕೇಳುತ್ತದೆ, ಅದು ನಿಮ್ಮ ಮೂಲ ವಿಶ್ವವಿದ್ಯಾಲಯವನ್ನು. ‘ಹೌದು, ನಮ್ಮ ಹುಡುಗನೇ’ ಎಂಬ ಮಾತು ಬರುವುದಕ್ಕೆ ಸಾಮಾನ್ಯವಾಗಿ ಒಂದೆರಡು ಕ್ಷಣ ಸಾಕು. ಒಂದು ವ್ಯತ್ಯಾಸ: ಮದುವೆ ವಿಚಾರದಲ್ಲಿ ನಡುವಿನವರಿಗೆ ಎಲ್ಲ ಗುಟ್ಟೂ ಗೊತ್ತಾಗುತ್ತದೆ, ಇಲ್ಲಿ ಪಾಸ್‌ವರ್ಡ್ ಗೂಢಲಿಪಿಯ ಸುರಂಗದೊಳಗೆ ಹೋಗುವುದರಿಂದ ನಡುವಿನ ಯಾರಿಗೂ ಕಾಣದು. ಬರೀ ರಿಜಿಸ್ಟರ್ ನಂಬರ್ ಹಾಕಿ ‘ಅಟ್’ ನಂತರದ್ದನ್ನು ಬಿಟ್ಟರೆ ಯಾರನ್ನು ಕೇಳಬೇಕೆಂದೇ ತಿಳಿಯದೆ ಕೋರಿಕೆ ಬಿದ್ದುಹೋಗುತ್ತದೆ. ಹೊರಗಿನ ಕ್ಯಾಂಪಸ್ಸಿನಲ್ಲಿ ಸಂಪರ್ಕ ಸಿಗದಿರಲು ಇದೇ ಸಾಮಾನ್ಯ ಕಾರಣ.

ಆ ಸುರಂಗದ ಇನ್ನೊಂದು ತುದಿಯಲ್ಲಿ ಯಾರಿದ್ದಾರೆ? ಗುರುತಿನ ವ್ಯವಹಾರದ ಎರಡನೇ ಅರ್ಧ, ಅಂದರೆ ನಾವು ಜಾಲವನ್ನು ಕೇಳುವುದು, ಶುರುವಾಗುವುದು ಇಲ್ಲಿಂದ.

ವೈ-ಫೈ ಹೆಸರು ಯಾರ ಸ್ವತ್ತೂ ಅಲ್ಲ. ವಿಶ್ವವಿದ್ಯಾಲಯದ ಜಾಲದ ಹೆಸರನ್ನೇ ಇಟ್ಟು ಗೇಟಿನ ಎದುರಿನ ಟೀ ಅಂಗಡಿಯಲ್ಲಿ ಒಂದು ಪುಟ್ಟ ರೂಟರ್ ಹಚ್ಚಿದರೆ ನಿಮ್ಮ ಲ್ಯಾಪ್‌ಟಾಪ್‌ಗೆ ಎರಡೂ ಒಂದೇ. ಸುರಂಗದ ತುದಿಯಲ್ಲಿ ಕಳ್ಳನ ಸರ್ವರ್ ಇದ್ದರೆ ಪಾಸ್‌ವರ್ಡಿನ ಕುರುಹು ಹೋಗುವುದು ಅವನ ಕೈಗೆ. ಪಾಸ್‌ವರ್ಡ್ ನೇರವಾಗಿ ಹೋಗುವುದಿಲ್ಲ, ಎಂಎಸ್‌ಚಾಪ್-ವಿ2 ಎಂಬ ಹಳೆಯ ಲೆಕ್ಕದಲ್ಲಿ ಕಲಸಿ ಹೋಗುತ್ತದೆ ಎಂಬ ಸಮಾಧಾನ ಇತ್ತು. 2012ರಲ್ಲಿ ಮಾಕ್ಸಿ ಮಾರ್ಲಿನ್‌ಸ್ಪೈಕ್ ಮತ್ತು ಡೇವಿಡ್ ಹಲ್ಟನ್ ಆ ಕಲಸಿದ್ದನ್ನು ಒಂದು ದಿನದೊಳಗೆ ಬಿಡಿಸಬಹುದೆಂದು ತೋರಿಸಿದ ಮೇಲೆ ಆ ಸಮಾಧಾನವೂ ಹೋಯಿತು. ವೈ-ಫೈ, ಇ-ಮೇಲ್, ಅಂಕಪಟ್ಟಿ ಎಲ್ಲಕ್ಕೂ ಒಂದೇ ಪಾಸ್‌ವರ್ಡ್ ಇರುವ ಕ್ಯಾಂಪಸ್ಸಿನಲ್ಲಿ ಕಳ್ಳತನ ವೈ-ಫೈಗೇ ನಿಲ್ಲುವುದಿಲ್ಲ.

ತಡೆಯಲು ಇರುವ ಏರ್ಪಾಟು ಸರ್ಟಿಫಿಕೇಟ್. ನಿಜವಾದ ಸರ್ವರ್ ಮೊದಲು ತನ್ನ ಗುರುತಿನ ಪತ್ರ ತೋರಿಸಬೇಕು, ಲ್ಯಾಪ್‌ಟಾಪ್ ಅದನ್ನು ಪರೀಕ್ಷಿಸಿದ ಮೇಲಷ್ಟೇ ಪಾಸ್‌ವರ್ಡ್ ಬಿಚ್ಚಬೇಕು. ವಿಂಡೋಸ್‌ನಲ್ಲಿ ಹೆಸರು, ಪಾಸ್‌ವರ್ಡ್ ತುಂಬಿದ ನಂತರ ‘ಸಂಪರ್ಕ ಮುಂದುವರಿಸಬೇಕೆ?’ ಎಂದೊಂದು ಪ್ರಶ್ನೆ ಬರುತ್ತದೆ. ಈ ಜಾಗದಲ್ಲಿ ಈ ಜಾಲ ಇರಬೇಕೆಂದು ನಿಮಗೆ ಗೊತ್ತಿದ್ದರೆ ಮುಂದೆ ಹೋಗಿ, ಇಲ್ಲವಾದರೆ ಇದು ಅದೇ ಹೆಸರಿನ ಬೇರೆ ಜಾಲವೂ ಇರಬಹುದು ಎಂಬ ಎಚ್ಚರಿಕೆ. ಕೆಳಗೆ ಸಣ್ಣದಾಗಿ ಸರ್ಟಿಫಿಕೇಟಿನ ವಿವರ ನೋಡುವ ಕೊಂಡಿ. ಒತ್ತಿದರೆ ಅಂಕಿ-ಅಕ್ಷರಗಳ ಉದ್ದನೆಯ ಸಾಲು. ಆ ಸಾಲನ್ನು ಹೋಲಿಸಿ ನೋಡಲು ನಿಮ್ಮ ಹತ್ತಿರ ಏನಿದೆ? ವಿಶ್ವವಿದ್ಯಾಲಯ ಮುಂಚೆಯೇ ಕೊಟ್ಟಿದ್ದರೆ ಉಂಟು, ಇಲ್ಲವಾದರೆ ಇಲ್ಲ. ಎಲ್ಲರೂ ‘ಕನೆಕ್ಟ್’ ಒತ್ತುತ್ತಾರೆ.

ಆಂಡ್ರಾಯ್ಡ್ ಫೋನಿನಲ್ಲಿ ಪೆಟ್ಟಿಗೆಗಳು ಇನ್ನೂ ಹೆಚ್ಚು. ಇಎಪಿ ವಿಧಾನ, ಎರಡನೇ ಹಂತ, ಸಿಎ ಸರ್ಟಿಫಿಕೇಟ್, ಡೊಮೇನ್, ಐಡೆಂಟಿಟಿ, ಅನಾನಿಮಸ್ ಐಡೆಂಟಿಟಿ, ಪಾಸ್‌ವರ್ಡ್. ಕನ್ನಡ ಮಾಧ್ಯಮದಿಂದ ಬಂದವರಿರಲಿ, ಇಂಗ್ಲಿಷಿನಲ್ಲೇ ಓದಿ ಬೆಳೆದವರಿಗೂ ಇದು ತಲೆನೋವು. ಖಾತೆಯ ಹೆಸರನ್ನು ಅನಾನಿಮಸ್ ಎಂಬಲ್ಲಿ ತುಂಬಿ ಒದ್ದಾಡುವವರು ಬಹಳ. ಅದು ಹಾದಿಯಲ್ಲಿ ಎಲ್ಲರಿಗೂ ಕಾಣುವ ಹೊರ ಹೆಸರು, ಖಾಲಿ ಬಿಟ್ಟರೂ ಸಾಮಾನ್ಯವಾಗಿ ನಡೆಯುತ್ತದೆ. ನಿಜ ಹೆಸರು ಐಡೆಂಟಿಟಿಯಲ್ಲಿ ಇರಬೇಕು. ಇನ್ನು ಸಿಎ ಸರ್ಟಿಫಿಕೇಟ್ ಎಂಬಲ್ಲಿ ‘ಡು ನಾಟ್ ವ್ಯಾಲಿಡೇಟ್’, ಪರೀಕ್ಷಿಸಬೇಡ, ಎಂಬ ಆಯ್ಕೆ ಇತ್ತು. ದೇಶದ ಹೆಸರಾಂತ ಸಂಸ್ಥೆಗಳ ಸೂಚನಾ ಹಾಳೆಗಳಲ್ಲೂ ಇದನ್ನೇ ಆರಿಸಿ ಎಂದು ಬರೆದಿರುತ್ತಿದ್ದರು. ಬಾಗಿಲು ತಟ್ಟಿದವರು ಯಾರೆಂದು ಕೇಳದೆ ತೆರೆಯಲು ಸಂಸ್ಥೆಯೇ ಲಿಖಿತವಾಗಿ ಹೇಳಿಕೊಟ್ಟಂತಾಯಿತು. 2020ರ ಕೊನೆಯಲ್ಲಿ ಗೂಗಲ್ ಆಂಡ್ರಾಯ್ಡ್ 11ರ ಪರಿಷ್ಕರಣೆಯಲ್ಲಿ ಆ ಆಯ್ಕೆಯನ್ನೇ ಕಿತ್ತುಹಾಕಿತು. ‘ಹೊಸ ಫೋನಿನಲ್ಲಿ ಕಾಲೇಜು ವೈ-ಫೈ ಬರುವುದಿಲ್ಲ’ ಎಂಬ ದೂರು ಎಲ್ಲೆಡೆ ಎದ್ದಿತು. ಬೈಸಿಕೊಂಡದ್ದು ಫೋನು, ಸರಿಮಾಡಬೇಕಿದ್ದುದು ಕಾಲೇಜಿನ ಐಟಿ ವಿಭಾಗ. ಈಚಿನ ಆಂಡ್ರಾಯ್ಡ್‌ನಲ್ಲಿ ಮೊದಲ ಸಲ ಕಂಡ ಸರ್ಟಿಫಿಕೇಟನ್ನು ನಂಬಿ ನೆನಪಿಟ್ಟುಕೊಳ್ಳುವ ಮಧ್ಯದ ದಾರಿ ಬಂದಿದೆ. ಆ ಮೊದಲ ಸಲವನ್ನು ಕ್ಯಾಂಪಸ್ಸಿನ ಒಳಗೆ, ಐಟಿ ವಿಭಾಗದ ಪಕ್ಕದಲ್ಲೇ ನಿಂತು ಮುಗಿಸುವುದು ಕ್ಷೇಮ, ಬಸ್ ನಿಲ್ದಾಣದಲ್ಲಿ ಅಲ್ಲ.

ಎಜುರೋಮ್ ಇರುವ ಕಡೆ ‘ಗೆಟ್‌ಎಜುರೋಮ್’ ಆ್ಯಪ್ ಈ ತಾಪತ್ರಯವನ್ನೆಲ್ಲ ತಾನೇ ನೋಡಿಕೊಳ್ಳುತ್ತದೆ. ಸಂಸ್ಥೆ ಒಮ್ಮೆ ಸರಿಯಾಗಿ ವಿವರ ತುಂಬಿಟ್ಟಿದ್ದರೆ ವಿದ್ಯಾರ್ಥಿ ತನ್ನ ಸಂಸ್ಥೆಯ ಹೆಸರು ಆರಿಸಿ ಖಾತೆ ಹಾಕಿದರೆ ಮುಗಿಯಿತು. ಸರ್ಟಿಫಿಕೇಟ್, ಡೊಮೇನ್ ಎಲ್ಲ ಒಳಗೇ ಬಂದಿರುತ್ತವೆ.

ಸರ್ಟಿಫಿಕೇಟ್ ಇದ್ದ ಮೇಲೆ ಗಡಿಯಾರಕ್ಕೂ ಮಹತ್ವ. 2020ರ ಸುಮಾರಿಗೆ ರಾಜ್ಯ ಸರ್ಕಾರ ಪ್ರಥಮ ದರ್ಜೆ ಕಾಲೇಜುಗಳ ಒಂದು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಹಂಚಿತ್ತು. ಆ ಕಾಲದ ಯಂತ್ರಗಳು ಈಗ ತಮ್ಮಂದಿರ, ತಂಗಿಯರ ಕೈಗೆ ಬಂದಿವೆ. ಇಷ್ಟು ಹಳೆಯ ಯಾವುದೇ ಯಂತ್ರದಲ್ಲಿ ಬ್ಯಾಟರಿ ಪೂರ್ತಿ ಇಳಿದು ಆರಿದರೆ ತಾರೀಖು ಹಲವು ವರ್ಷ ಹಿಂದಕ್ಕೆ ಹೋಗಿ ನಿಲ್ಲುವುದುಂಟು. ಸರ್ಟಿಫಿಕೇಟಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ಲ್ಯಾಪ್‌ಟಾಪಿನ ಲೆಕ್ಕದಲ್ಲಿ ಆ ಪತ್ರ ಇನ್ನೂ ಹುಟ್ಟಿಯೇ ಇಲ್ಲ, ಹಾಗಾಗಿ ಸಂಪರ್ಕ ನಿರಾಕರಣೆ. ತಾರೀಖು ಸರಿಮಾಡಿಕೊಳ್ಳಲು ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ತಾರೀಖು ಸರಿ ಇರಬೇಕು. ಕೈಯಿಂದಲೇ ತಿದ್ದಬೇಕು, ಅಷ್ಟೆ. ವೈ-ಫೈ ತಂತ್ರಾಂಶವನ್ನೇ ಅಳಿಸಿ ಮತ್ತೆ ಹಾಕುವ ಮೊದಲು ಮೂಲೆಯಲ್ಲಿರುವ ತಾರೀಖಿನ ಕಡೆ ಕಣ್ಣು ಹಾಯಿಸಿ.

ತಪ್ಪು ಸರ್ವರ್‌ನದೂ ಆಗಿರಬಹುದು. 2022ರಲ್ಲಿ ಉಬುಂಟು 22.04 ಹಾಕಿಕೊಂಡವರಿಗೆ ಎಷ್ಟೋ ವಿಶ್ವವಿದ್ಯಾಲಯಗಳ ವೈ-ಫೈ ನಿಂತೇಹೋಯಿತು. ಅದರೊಳಗಿನ ಗೂಢಲಿಪಿ ತಂತ್ರಾಂಶ ಓಪನ್‌ಎಸ್‌ಎಸ್‌ಎಲ್ 3 ಹಳೆಯ, ದುರ್ಬಲ ಸರ್ವರ್‌ಗಳೊಂದಿಗೆ ಮಾತಾಡಲು ಒಪ್ಪಲಿಲ್ಲ. ವಿಂಡೋಸ್ 11ರ 22ಎಚ್2 ಆವೃತ್ತಿಯ ಎಂಟರ್‌ಪ್ರೈಸ್ ಮಾದರಿಗಳಲ್ಲೂ ಹೀಗೇ ಆಯಿತು. ಪಾಸ್‌ವರ್ಡ್‌ಗಳ ಗುಟ್ಟು ಕಾಯುವ ಕ್ರೆಡೆನ್ಶಿಯಲ್ ಗಾರ್ಡ್ ತಾನಾಗಿ ಚಾಲೂ ಆಗಿ, ಎಂಎಸ್‌ಚಾಪ್ ನಂಬಿದ್ದ ಜಾಲಗಳಲ್ಲಿ ಯಂತ್ರ ತಾನೇ ಒಳಹೋಗುವುದು ನಿಂತಿತು. ಎರಡೂ ಸಂದರ್ಭಗಳಲ್ಲಿ ಹೊಸ ತಂತ್ರಾಂಶ ಸುರಕ್ಷತೆ ಬಿಗಿ ಮಾಡಿತ್ತು, ಹಳೆಯ ಸರ್ವರ್ ಹಾಗೇ ಉಳಿದಿತ್ತು.

ಪಾಸ್‌ವರ್ಡ್ ಬದಲಿಸಿದ ದಿನ ಖಾತೆ ತನ್ನಷ್ಟಕ್ಕೆ ಲಾಕ್ ಆಗುವುದೂ ಇದೆ. ಜೇಬಿನಲ್ಲಿರುವ ಫೋನು ಹಳೆಯ ಪಾಸ್‌ವರ್ಡನ್ನೇ ಪದೇ ಪದೇ ಕಳಿಸುತ್ತಿರುತ್ತದೆ, ಸರ್ವರ್ ಅದನ್ನು ಕಳ್ಳನ ಪ್ರಯತ್ನ ಎಂದು ಬಗೆದು ಖಾತೆಗೆ ಬೀಗ ಹಾಕುತ್ತದೆ. ಎಲ್ಲ ಸಾಧನಗಳಲ್ಲೂ ಹಳೆಯ ಜಾಲವನ್ನು ‘ಫರ್ಗೆಟ್’ ಮಾಡಿ ಆಮೇಲೆ ಹೊಸ ಪಾಸ್‌ವರ್ಡ್ ಹಾಕುವುದು ಸರಿಯಾದ ಕ್ರಮ.

ವಿದ್ಯಾರ್ಥಿಗಳ ಗುರುತಿನ ಚೀಟಿಯ ಹಿಂಬದಿಯಲ್ಲಿ ರಕ್ತದ ಗುಂಪು, ಮನೆ ವಿಳಾಸ, ಪೋಷಕರ ಫೋನ್ ನಂಬರ್ ಮುದ್ರಿಸುತ್ತಾರೆ. ಅದರ ಕೆಳಗೆ ಇನ್ನೊಂದು ಸಾಲಿಗೆ ಜಾಗ ಇದ್ದೇ ಇರುತ್ತದೆ: ರೇಡಿಯಸ್ ಸರ್ವರ್‌ನ ಪೂರ್ತಿ ಹೆಸರು, ಅದಕ್ಕೆ ಸರ್ಟಿಫಿಕೇಟ್ ಕೊಟ್ಟವರ ಹೆಸರು. ಫೋನಿನ ಡೊಮೇನ್ ಪೆಟ್ಟಿಗೆಗೆ ಬೇಕಾದದ್ದು ಆ ಸಾಲೇ. ಲ್ಯಾಪ್‌ಟಾಪ್ ‘ಮುಂದುವರಿಸಬೇಕೆ?’ ಎಂದು ಕೇಳಿದಾಗ ಹೋಲಿಸಿ ನೋಡಲೂ ಅದೇ ಬೇಕು. ಸರ್ಟಿಫಿಕೇಟ್ ನವೀಕರಿಸುವಾಗ ಆ ಹೆಸರನ್ನು ಬದಲಿಸದೆ ಉಳಿಸಿಕೊಳ್ಳುವುದಷ್ಟೇ ಐಟಿ ವಿಭಾಗದವರ ಕೆಲಸ.